ಹದಿನಾಲ್ಕನೇ ರೂಮು

ಮೊದಲನೇ ರೂಮನ್ನು ಯಾರು ಬೇಕಾದರೂ ಮಾಡುತ್ತಾರೆ. ಐದನೆಯದನ್ನೂ ಮಾಡುತ್ತಾರೆ. ಒಂಬತ್ತನೆಯದರ ಹೊತ್ತಿಗೆ ಸೊಂಟ ಹಿಡಿಯುತ್ತದೆ. ಹನ್ನೊಂದಕ್ಕೆ ಮಂಡಿ. ಹದಿನಾಲ್ಕನೇ ರೂಮಿನಲ್ಲಿ ಹಾಸಿಗೆಯ ಮೂಲೆ ಎತ್ತಲು ಬಗ್ಗಿದಾಗ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಆಗ ಗೋಡೆ ಹಿಡಿದುಕೊಳ್ಳಬಾರದು. ಗೋಡೆಯ ಮೇಲೆ ಕೈಗುರುತು ಬಿದ್ದರೆ ಅದನ್ನೂ ನೀವೇ ಒರೆಸಬೇಕು. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಮೂರಕ್ಕನಿಗೆ ಇಪ್ಪತ್ತೊಂದು ವರ್ಷದಿಂದ ಗೊತ್ತಿತ್ತು.

ಆ ಹೋಟೆಲಿನಲ್ಲಿ ರೂಮು ಮಾಡುವ ಹೆಂಗಸರನ್ನು ಮಹಡಿಯ ಲೆಕ್ಕದಲ್ಲಿ ಕರೆಯುತ್ತಿದ್ದರು. ಮೇಲಿನವರಿಗೆ ಬರೀ ಅಂಕಿ ಸಾಕಾಗಿತ್ತು, ‘ಏ ಮೂರು, ಇಲ್ಲಿ ಬಾ’ ಎನ್ನುತ್ತಿದ್ದರು. ಹೆಂಗಸರೇ ಅದಕ್ಕೊಂದು ಅಕ್ಕ ಸೇರಿಸಿಕೊಂಡು ತಮ್ಮ ಮರ್ಯಾದೆ ತಾವು ಉಳಿಸಿಕೊಂಡಿದ್ದರು. ಹಾಗಾಗಿ ಮೂರನೇ ಮಹಡಿಯವಳು ಮೂರಕ್ಕ, ಎರಡನೇ ಮಹಡಿಯವಳು ಎರಡಕ್ಕ. ಪ್ರತಿಯಾಗಿ ಹೌಸ್‌ಕೀಪಿಂಗ್ ಮ್ಯಾನೇಜರನಿಗೆ ಅವರಿಟ್ಟ ಹೆಸರು ಕೋಟು. ಎರಡು ಮೂರು ವರ್ಷಕ್ಕೊಮ್ಮೆ ಒಳಗಿನ ಮನುಷ್ಯ ಬದಲಾಗುತ್ತಿದ್ದ. ಕೋಟು ಮಾತ್ರ ಅದೇ.

ಮಗಳನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಬೇಕೆಂದು ಮೂರಕ್ಕ ಹಟ ಹಿಡಿದದ್ದು ಇಂಥ ಒಬ್ಬ ಕೋಟಿನಿಂದಲೇ. ನಾಲ್ಕು ವರ್ಷದ ಹಿಂದೆ ಒಬ್ಬ ಗೆಸ್ಟು ತನ್ನ ಉಂಗುರ ಕಳೆದಿದೆ ಎಂದು ಕೂಗಾಡಿದ. ಆಗಿನ ಕೋಟು, ಮೂರಕ್ಕನ ತಮ್ಮನ ವಯಸ್ಸಿನವನು, ಅವಳನ್ನು ಕಚೇರಿಗೆ ಕರೆದು ಮೇಜಿನ ಮೇಲೆ ಎಲ್ಲ ಸುರಿ ಎಂದ. ಅವಳು ಚೀಲ ಸುರಿದಳು. ಜೇಬು ಸುರಿದಳು. ಅದೂ ಸಾಲದೆ ರಿಸೆಪ್ಶನ್ನಿನ ಹುಡುಗಿಯನ್ನು ಕರೆಸಿ ಪಕ್ಕದ ಕೋಣೆಯಲ್ಲಿ ಅವಳ ಮೈಯನ್ನೂ ತಡವಿಸಿದ. ಅರ್ಧ ಗಂಟೆಯ ಮೇಲೆ ಉಂಗುರ ಗೆಸ್ಟಿನ ಶೂ ಒಳಗೇ ಸಿಕ್ಕಿತು. ಕೋಟು ಕಣ್ಣೆತ್ತಿ ನೋಡಲಿಲ್ಲ. ಸರಿ, ಹೋಗಿ ಕೆಲಸ ನೋಡು ಎಂದ, ಅಷ್ಟೆ. ಅವತ್ತು ಅವಳಿಗೆ ಇನ್ನೂ ಏಳು ರೂಮು ಬಾಕಿ ಇದ್ದವು. ಏಳನ್ನೂ ಮಾಡಿದಳು. ಮಾಡುತ್ತ ಮಾಡುತ್ತ ತನ್ನ ಮಗಳು ಆ ಮೇಜಿನ ಆ ಕಡೆ ಕೂರಬೇಕೆಂದು ತೀರ್ಮಾನಿಸಿದಳು.

ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಕೈಯಲ್ಲಿ ಕಾಸಿರಲಿಲ್ಲ. ಕಾಲೇಜಿನವನು ಕಾಸು ಬೇಡ, ಸಹಿ ಸಾಕು ಎಂದ. ಮೂರು ವರ್ಷದ ಓದಿಗೆ ಒಂಬತ್ತು ಲಕ್ಷ ಸಾಲ, ತಾಯಿಯ ಹೆಸರಿನಲ್ಲಿ. ಮುಗಿದ ತಿಂಗಳೇ ಕೆಲಸ, ನಲವತ್ತು ಸಾವಿರ ಸಂಬಳ. ಕಂತು ತಾನಾಗಿ ಕಟ್ಟಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ ಎಂದು ನಕ್ಕ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಅನ್ನುವ ಗಾದೆ ಮೂರಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಟ್ಟಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬೀದಿಯವರು ಬುದ್ಧಿ ಹೇಳಿದರು. ಹಾಗೆ ಹೇಳುವವರಲ್ಲಿ ಒಬ್ಬರೂ ದಿನಕ್ಕೆ ಹದಿನಾಲ್ಕು ಹಾಸಿಗೆ ಹಾಸಿದವರಲ್ಲ ಎಂದು ಅವಳು ಮನಸ್ಸಿನಲ್ಲೇ ಬೈದುಕೊಂಡಳು. ಕಾಸು ಬೇಡ ಎಂದಿದ್ದರೂ ಸೇರುವಾಗ ಕೈಯಿಂದ ಕಟ್ಟಬೇಕಾಗಿ ಬಂದ ಮೊದಲ ಹಣಕ್ಕೆ ಎರಡಕ್ಕ ತನ್ನ ಎರಡು ಬಳೆ ಬಿಚ್ಚಿ ಕೊಟ್ಟಳು. ‘ನಮ್ಮಲ್ಲಿ ಒಬ್ಬಳಾದ್ರೂ ಕೋಟು ಹಾಕ್ಲಿ. ನಮ್ಮನ್ನ ಬೈಯೋದಾದ್ರೂ ನಮ್ ಮಗಳೇ ಬೈಲಿ,’ ಎಂದಳು.

ಮಗಳು ಚೆನ್ನಾಗಿ ಓದಿದಳು. ಮೂರನೇ ವರ್ಷದಲ್ಲಿ ಆರು ತಿಂಗಳ ತರಬೇತಿ ಬಂತು. ಯಾವ ಹೋಟೆಲಿಗೆ ಹಾಕುತ್ತಾರೋ ಎಂದು ನೋಡಿದರೆ ಇದೇ ಹೋಟೆಲು. ಮೂರಕ್ಕ ಹಿಗ್ಗಿದಳು. ಹನ್ನೆರಡು ಹುಡುಗ ಹುಡುಗಿಯರು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು ಸಾಲಾಗಿ ನಿಂತಾಗ, ಎಡದಿಂದ ಮೂರನೆಯವಳು ನನ್ನ ಮಗಳು ಎಂದು ಲಿಫ್ಟಿನವನಿಗೂ ಹೇಳಿದಳು.

ಮೊದಲ ವಾರವೇ ಕೋಟು ಹನ್ನೆರಡು ಮಂದಿಯ ಕೈಗೂ ಬಕೆಟ್ಟು ಕೊಟ್ಟ. ಲೆಕ್ಕ ಬರೆಯುವುದು, ಗೆಸ್ಟಿನ ಜೊತೆ ಮಾತಾಡುವುದು, ರೂಮಿನ ದರ ನಿಗದಿ ಮಾಡುವುದು, ಇವೆಲ್ಲ ಆಮೇಲೆ, ಮೊದಲು ತಳದಿಂದ ಕಲಿಯಬೇಕು ಎಂದ. ಆ ಆಮೇಲೆ ಬರಲೇ ಇಲ್ಲ. ತರಬೇತಿಗೆ ಸಂಬಳವಿಲ್ಲ. ಬದಲಿಗೆ ಆ ಆರು ತಿಂಗಳಿಗೂ ಕಾಲೇಜಿನ ಫೀಸು ಉಂಟು. ಅಂದರೆ ಕಕ್ಕಸು ತೊಳೆಯುವುದಕ್ಕೆ ಮೂರಕ್ಕನಿಗೆ ಹೋಟೆಲಿನವರು ದುಡ್ಡು ಕೊಡುತ್ತಿದ್ದರು. ಅದೇ ಕಕ್ಕಸು ತೊಳೆಯುವುದಕ್ಕೆ ಮಗಳು ತಾನೇ ದುಡ್ಡು ಕೊಡುತ್ತಿದ್ದಳು.

ಮಗಳನ್ನು ಎರಡನೇ ಮಹಡಿಗೆ ಹಾಕಿದರು. ಎರಡಕ್ಕ ಅವಳಿಗೆ ಕೆಲಸ ಕಲಿಸಿದಳು. ಕಮೋಡಿಗೆ ಬಗ್ಗುವಾಗ ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ಬ್ಲೀಚಿನ ಬಾಟಲಿ ಮೂಗಿನ ಹತ್ತಿರ ತರಬೇಡ. ಕೂದಲು ಹುಡುಕಬೇಕಾದರೆ ಕೈಯಿಂದಲ್ಲ, ಒದ್ದೆ ಬಟ್ಟೆಯಿಂದ. ಎರಡು ವಾರ ಕಲಿತ ಮೇಲೆ ಹಿಂಭಾಗದ ಹದಿನಾಲ್ಕು ರೂಮು ಮಗಳಿಗೆ, ಮುಂಭಾಗದ ಹದಿನಾಲ್ಕು ಎರಡಕ್ಕನಿಗೆ ಎಂದಾಯಿತು. ಆ ಹಿಂಭಾಗ ಮಾಡುತ್ತಿದ್ದವಳು ಹೆರಿಗೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಕರೆದಿರಲೂ ಇಲ್ಲ.

ಮೂರನೇ ವಾರ ಮಗಳು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಚ್ಚಲು ಬಗ್ಗಿ ಹಾಗೇ ನೆಲಕ್ಕೆ ಕೂತಳು. ಬೆರಳ ಸಂದಿಗಳು ಬ್ಲೀಚಿಗೆ ಬಿರಿದಿದ್ದವು. ಎಂಟು ರೂಮು ಮಾಡುವಷ್ಟರಲ್ಲಿ ಹೊತ್ತು ಮುಗಿದಿತ್ತಂತೆ. ಹದಿನಾಲ್ಕು ಆಗದಿದ್ದರೆ ಆ ದಿನ ತರಬೇತಿಗೆ ಜಮೆಯಾಗುವುದಿಲ್ಲ, ದಿನ ಕಮ್ಮಿಯಾದರೆ ಸರ್ಟಿಫಿಕೇಟು ಇಲ್ಲ ಎಂದು ಕೋಟು ಎಲ್ಲರೆದುರು ಹೇಳಿದ್ದ. ಮೂರಕ್ಕ ಮಗಳ ಕೈಗೆ ಎಣ್ಣೆ ಹಚ್ಚಿದಳು. ತನ್ನ ಅಂಗೈ ಇಪ್ಪತ್ತೊಂದು ವರ್ಷದಲ್ಲಿ ಹೇಗಾಗಿತ್ತೋ ಅವಳದು ಮೂರು ವಾರಕ್ಕೇ ಹಾಗಾಗುತ್ತಿತ್ತು.

ಅಲ್ಲೇ ಅವಳು ಆ ತಪ್ಪು ಮಾಡಿದ್ದು. ತಾಯಿಯಾದವಳು, ಅದರಲ್ಲೂ ಕೈ ಚುರುಕಾದ ತಾಯಿ, ಮಾತ್ರ ಮಾಡಬಹುದಾದ ತಪ್ಪು.

ಮಾರನೆಯ ದಿನದಿಂದ ಮೂರಕ್ಕ ಮಧ್ಯಾಹ್ನದ ಊಟ ಬಿಟ್ಟಳು. ತನ್ನ ರೂಮುಗಳನ್ನು ಒಂದೊಂದು ಹದಿನೆಂಟೇ ನಿಮಿಷಕ್ಕೆ ಮುಗಿಸಿ, ಹಿಂದಿನ ಮೆಟ್ಟಿಲಿನಿಂದ ಎರಡನೇ ಮಹಡಿಗೆ ಇಳಿದು, ಮಗಳ ಪಾಲಿನ ಆರು ರೂಮು ಮಾಡಿ, ಮತ್ತೆ ಮೆಟ್ಟಿಲು ಹತ್ತಿ ಓಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಎರಡಕ್ಕನಿಗೂ ಹೇಳಲಿಲ್ಲ. ಇವತ್ತು ಒಂದು ದಿನ, ನಾಳೆ ಅವಳಿಗೇ ಅಭ್ಯಾಸವಾಗುತ್ತದೆ ಎಂದುಕೊಂಡಳು. ಒಂದು ದಿನ ಮೂರು ತಿಂಗಳಾಯಿತು. ಮಗಳ ಹೆಸರಿನ ಮುಂದೆ ದಿನವೂ ಹದಿನಾಲ್ಕು ಬಿತ್ತು.

ಕೋಟು ಅದನ್ನು ನೋಡಿದ. ನೋಡಿ ಎಲ್ಲರನ್ನೂ ಬಟ್ಟೆ ಒಗೆಯುವ ಕೋಣೆಯಲ್ಲಿ ಸೇರಿಸಿದ. ಮಗಳನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ. ನಿನ್ನೆ ಮೊನ್ನೆ ಬಂದ ಹುಡುಗಿಗೇ ಹದಿನಾಲ್ಕು ಆಗುತ್ತದೆ ಎಂದಮೇಲೆ ಹಳಬರಿಗೆ ಹದಿನೆಂಟು ಆಗಲೇಬೇಕು ಎಂದ. ಸೋಮವಾರದಿಂದ ಹದಿನೆಂಟು. ಚಪ್ಪಾಳೆ ತಟ್ಟಿದವರಲ್ಲಿ ಮೂರಕ್ಕನೂ ಇದ್ದಳು. ಮಧ್ಯದಲ್ಲಿ ಅವಳ ಕೈ ನಿಂತಿತು.

ಹದಿನೆಂಟು ರೂಮು ಮಾಡಲು ಹಳಬರಲ್ಲಿ ಏಳು ಜನರ ಕೈಲಿ ಆಗಲಿಲ್ಲ. ಮೂರು ವಾರಕ್ಕೆ ಏಳೂ ಜನರ ಕೈಗೆ ಕಾಗದ ಬಂತು: ಕೆಲಸದಲ್ಲಿ ನಿಧಾನ. ಅವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಕಾಲೇಜಿನಿಂದ ಇನ್ನೂ ಹತ್ತು ಮಕ್ಕಳನ್ನು ತರಬೇತಿಗೆ ಕಳಿಸಿದರು. ಏಳರಲ್ಲಿ ಒಬ್ಬಳು ಎರಡಕ್ಕ.

ಕೊನೆಯ ದಿನ ಎರಡಕ್ಕ ಹುಡುಗಿಗೆ ಹೋಗಿ ಬರುತ್ತೇನೆ ಎನ್ನಲು ಹಿಂಭಾಗಕ್ಕೆ ಬಂದಳು. ಮಗಳು ಬಾತ್‌ರೂಮಿನಲ್ಲಿದ್ದಳು. ಎದುರು ರೂಮಿನ ಬಾಗಿಲು ತೆರೆದಿತ್ತು, ಹಾಸಿಗೆ ಆಗಲೇ ಹಾಸಿತ್ತು. ಎರಡಕ್ಕ ಒಳಗೆ ಹೋಗಿ ನೋಡುತ್ತ ನಿಂತಳು. ಮೂರಕ್ಕನ ಅಂಗೈ ಬಿರಿದು ಬಟ್ಟೆಯ ನೂಲು ಹಿಡಿಯುತ್ತಿದ್ದುದರಿಂದ ಅವಳು ಬೆಡ್‌ಶೀಟನ್ನು ಅಂಗೈಯಿಂದ ಸವರುತ್ತಿರಲಿಲ್ಲ, ಮೊಣಕೈಯಿಂದ ಕೆಳಗಿನ ತೋಳಿನಲ್ಲಿ ಎಳೆದು ಸವರುತ್ತಿದ್ದಳು. ಹಾಗೆ ಸವರಿದ ಹಾಸಿಗೆಯ ಮೇಲೆ ಅಗಲವಾದ ಮಸುಕು ಗೆರೆಗಳು ಉಳಿಯುತ್ತವೆ, ಈ ಹಾಸಿಗೆಯ ಮೇಲೂ ಇದ್ದವು. ಹೊರಗಿನವರಿಗೆ ಕಾಣುವುದಿಲ್ಲ. ಇಪ್ಪತ್ತು ವರ್ಷ ಜೊತೆಯಲ್ಲಿ ಹಾಸಿದವಳಿಗೆ ಕಾಣುತ್ತದೆ.

ಅಷ್ಟರಲ್ಲಿ ಪಕ್ಕದ ರೂಮಿನಿಂದ ಟವೆಲ್ಲು ಹೊತ್ತುಕೊಂಡು ಮೂರಕ್ಕನೇ ಬಂದಳು. ಇಬ್ಬರೂ ಮುಖಾಮುಖಿ ನಿಂತರು.

‘ಎಷ್ಟು ದಿನದಿಂದ?’ ಎಂದು ಎರಡಕ್ಕ ಕೇಳಿದಳು.

ಮೂರಕ್ಕ ಹೇಳಿದಳು.

ಎರಡಕ್ಕ ಕೂಗಾಡಲಿಲ್ಲ. ‘ನನ್ನ ಹೊಟ್ಟೆ ಮೇಲೆ ಹೊಡೆದೋನು ಅಂತ ಕೋಟಿಗೆ ಶಾಪ ಹಾಕ್ತಿದ್ದೆ ಕಣೇ,’ ಎಂದಳು. ‘ಕೈ ನಿಂದು.’

ಬಳೆಯ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಮೂರಕ್ಕ ಕಾಲಿಗೆ ಬಿದ್ದುಬಿಡುತ್ತಿದ್ದಳು. ಎರಡಕ್ಕ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಲಿಫ್ಟು ಬಿಟ್ಟು ಮೆಟ್ಟಿಲಿನಲ್ಲೇ ಇಳಿದು ಹೋದಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ಆದರೆ ಮೂರಕ್ಕ ಕೊಟ್ಟ ಕೋಲು ಬಿದ್ದದ್ದು ಬೇರೆಯವರ ಬೆನ್ನಿಗೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ತಾಯಿ ಮಗಳು ಕಂಬಿ ಹಿಡಿದು ನಿಂತಿದ್ದರು. ಇವತ್ತಿನಿಂದ ನಿನ್ನ ರೂಮು ನೀನೇ ಮಾಡಬೇಕು ಎಂದು ಮೂರಕ್ಕ ಹೇಳಿದಳು. ಮಗಳು ಬೆಚ್ಚಿದಳು. ಇನ್ನೆಂಟು ವಾರ ಅಮ್ಮ, ಎಂಟೇ ವಾರ, ಆಮೇಲೆ ಸರ್ಟಿಫಿಕೇಟು ಕೈಗೆ ಬರುತ್ತದೆ ಎಂದು ಗೋಗರೆದಳು. ಆಮೇಲೆ ನಲವತ್ತು ಸಾವಿರ ಬರುತ್ತಲ್ಲ, ಎರಡಕ್ಕನ ಋಣ ಮೊದಲು ತೀರಿಸೋಣ ಎಂದು ಮೂರಕ್ಕ ಅಂದದ್ದೇ ತಡ, ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

‘ನಲವತ್ತಿಲ್ಲ ಅಮ್ಮ.’

‘ಮತ್ತೆಷ್ಟು?’

‘ಊಟ, ಯೂನಿಫಾರಂ, ಹಾಸ್ಟೆಲ್ಲು, ಗೆಸ್ಟು ಕೊಡೋ ಟಿಪ್ಪು, ಎಲ್ಲಾ ಸೇರ್ಸಿ ನಲವತ್ತು ಅಂತ ಬರೀತಾರೆ. ಕೈಗೆ ಬರೋದು ಹದಿನಾರು. ಕಂತು ಹನ್ನೆರಡೂವರೆ. ಹತ್ತು ವರ್ಷ.’

ಬಸ್ಸು ನಿಂತಿತು, ಹೊರಟಿತು. ಮೂರಕ್ಕ ಓದಿದವಳಲ್ಲ. ಆದರೆ ಇಪ್ಪತ್ತೊಂದು ವರ್ಷ ಟವೆಲ್ಲು ಎಣಿಸಿದವಳು. ಉಳಿಯುವುದು ಮೂರೂವರೆ ಸಾವಿರ. ಅಕ್ಷರ ಬಾರದ ತಾನು ತಿಂಗಳಿಗೆ ಹದಿನಾಲ್ಕು ಸಾವಿರ ತರುತ್ತಾಳೆ. ಪದವಿ ಓದಿದ ಮಗಳು ಮೂರೂವರೆ ತರುತ್ತಾಳೆ. ಒಂಬತ್ತು ಲಕ್ಷ ತೆಗೆದುಕೊಂಡು ಹದಿನೈದು ಲಕ್ಷ ಕಟ್ಟುವಷ್ಟರಲ್ಲಿ ಹುಡುಗಿಗೆ ಮೂವತ್ತೆರಡು ತುಂಬಿರುತ್ತದೆ. ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ಒಂದು ವರ್ಷದಿಂದ ಎಂದಳು ಮಗಳು. ಯಾಕೆ ಹೇಳಲಿಲ್ಲ?

‘ನೀನು ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ದೆ,’ ಎಂದಳು ಮಗಳು. ಆಮೇಲೆ ತಾನೇ, ‘ಕೋಟಿಗೂ ಓದಿನ ಸಾಲದ್ದು ಇನ್ನೂ ಆರು ವರ್ಷ ಕಂತಿದೆಯಂತೆ. ಅವರೇ ಹೇಳಿದ್ರು. ಅದಕ್ಕೇ ಹೆದರ್ತಾರೆ,’ ಎಂದಳು.

ಮೂರಕ್ಕನಿಗೆ ಮೇಜಿನ ಆ ಕಡೆ ನೆನಪಾಯಿತು. ಆ ಕಡೆಯಲ್ಲೂ ಈಗ ಕೂತಿರುವುದು ಸಾಲಗಾರನೇ. ಇವರ ಮನೆ ಹಾಳಾಗ, ಇಡೀ ಕಟ್ಟಡದಲ್ಲಿ ನೆಟ್ಟಗೆ ಉಸಿರಾಡುವವನು ಯಾವನಿದ್ದಾನೆ ಎಂದು ಸಿಟ್ಟು ನೆತ್ತಿಗೇರಿತು. ಇಳಿಯುವ ನಿಲ್ದಾಣ ಬಂದರೂ ಅವಳು ಕಂಬಿ ಬಿಡಲಿಲ್ಲ, ಮಗಳೇ ಕೈ ಹಿಡಿದು ಇಳಿಸಿದಳು.

ಅವತ್ತು ಮೂರಕ್ಕ ಎರಡನೇ ಮಹಡಿಗೆ ಇಳಿಯಲಿಲ್ಲ. ಮಗಳಿಗೆ ಎಂಟಾಯಿತು. ಮರುದಿನವೂ ಎಂಟು. ಕೋಟು ಅದನ್ನು ಕಾಣದವನಂತೆ ಹದಿನಾಲ್ಕು ಎಂದೇ ಬರೆದುಕೊಂಡ. ಅವನಿಗೆ ಈಗ ಆ ಅಂಕಿ ಬೇಕಾಗಿತ್ತು. ಯಾಕೆಂದರೆ ಆ ಏಳು ಹೆಂಗಸರು ದೂರು ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿದ್ದರು.

ಇಲಾಖೆಯಿಂದ ವಿಚಾರಣೆಗೆ ಒಬ್ಬ ಹೆಂಗಸು ಬರುತ್ತಾಳೆಂದು ಗೊತ್ತಾದ ದಿನ ಕೋಟು ಮೂರಕ್ಕನನ್ನು ಕಚೇರಿಗೆ ಕರೆದ. ಕುರ್ಚಿ ತೋರಿಸಿದ. ಅವಳು ನಿಂತೇ ಇದ್ದಳು. ಮಗಳು ದಿನಕ್ಕೆ ಹದಿನಾಲ್ಕು ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ ಎಂದು ಹಿರಿಯಳಾಗಿ ಒಂದು ಮಾತು ಹೇಳಿ ಸಹಿ ಮಾಡಿದರೆ ಸಾಕು. ಮಗಳಿಗೆ ಸರ್ಟಿಫಿಕೇಟು ಈ ವಾರವೇ, ಇಲ್ಲೇ ಕೆಲಸ. ಅವಳಿಗೂ ಮೂರು ಸಾವಿರ ಜಾಸ್ತಿ. ಮಾತಿನ ಕೊನೆಗೆ ಅವನು ಅಕ್ಕ ಎಂದ. ಇಪ್ಪತ್ತೊಂದು ವರ್ಷದಲ್ಲಿ ಯಾವ ಕೋಟಿನ ಬಾಯಿಂದಲೂ ಅದು ಬಂದಿರಲಿಲ್ಲ. ಮೂರಕ್ಕ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ.  ಎರಡು ದಿನ ಮನೆಯಲ್ಲಿ ಕೂತಲ್ಲಿ ಕೂರಲಾರದೆ ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಬಿಚ್ಚಿ ಮಡಚಿದಳು.

ವಿಚಾರಣೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಅಧಿಕಾರಿಣಿ ಬಂದಳು. ದಣಿದ ಮುಖದ ಹೆಂಗಸು, ಕೈಯಲ್ಲೊಂದು ಫೈಲು. ಏಳು ಹೆಂಗಸರನ್ನು ಒಳಗೆ ಬಿಟ್ಟಿರಲಿಲ್ಲ, ಅವರು ಹಿಂದಿನ ಗೇಟಿನ ಹೊರಗೆ ನಿಂತಿದ್ದರು. ಕೋಟು ಕಾಗದ ಹರಡಿದ. ತರಬೇತಿಯ ಹುಡುಗಿಗೆ ಹದಿನಾಲ್ಕು ಸಾಧ್ಯವಾದರೆ ಇಪ್ಪತ್ತು ವರ್ಷದವರಿಗೆ ಹದಿನೆಂಟು ಯಾಕಾಗಬಾರದು ಎಂದು ಕೇಳಿದ. ಅಧಿಕಾರಿಣಿಗೆ ಅದು ಸರಿಯೆನಿಸಿತು. ಪೆನ್ನು ಮೂರಕ್ಕನ ಕಡೆ ನೀಡಿದಳು.

ಮೂರಕ್ಕ ಪೆನ್ನು ಮುಟ್ಟಲಿಲ್ಲ.

‘ಇವಳು ಮಾಡಿದ್ದು ಎಂಟು,’ ಎಂದಳು. ‘ಮಿಕ್ಕ ಆರು ನಾನು ಮಾಡ್ದೆ. ಕದ್ದು ಮಾಡ್ದೆ. ಮಗಳ ಕೈ ನೋಡೋಕಾಗ್ದೆ ಮಾಡ್ದೆ. ಆ ಏಳು ಜನ ನಿಧಾನ ಅಲ್ಲ. ಈ ಹದಿನಾಲ್ಕೇ ಸುಳ್ಳು.’

ಬಾಗಿಲ ಬಳಿ ನಿಂತಿದ್ದ ಮಗಳ ಮುಖ ಬಿಳುಚಿಕೊಂಡಿತು. ಅಮ್ಮ ತನಗೆ ಒಂದು ಮಾತೂ ಹೇಳದೆ ಹೀಗೆ ಮಾಡುತ್ತಾಳೆಂದು ಅವಳು ಎಣಿಸಿರಲಿಲ್ಲ. ಕೋಟು ನಕ್ಕ. ಕೆಲಸ ಕಳೆದುಕೊಂಡ ಗೆಳತಿಗಾಗಿ ಈಕೆ ಸುಳ್ಳು ಹೇಳುತ್ತಿದ್ದಾಳೆ, ಹುಡುಗಿ ಇಲ್ಲೇ ಇದ್ದಾಳಲ್ಲ, ಒಂದು ರೂಮು ಮಾಡಿ ತೋರಿಸಲಿ ಎಂದ. ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದರೆ ಹದಿನಾಲ್ಕು ನಿಜ. ಮುಗಿಸದಿದ್ದರೆ ಇಷ್ಟು ದಿನ ಮೋಸ ಮಾಡಿದ್ದಾಳೆ ಎಂದು ಸರ್ಟಿಫಿಕೇಟು ರದ್ದು. ಒಂದು ರೂಮು ಯಾರು ಬೇಕಾದರೂ ಮಾಡುತ್ತಾರೆ, ಹದಿನಾಲ್ಕನೆಯದನ್ನು ನೋಡಿ ಎಂದು ಮೂರಕ್ಕ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಧಿಕಾರಿಣಿ ಗಡಿಯಾರ ನೋಡಿಕೊಂಡು ಎದ್ದಳು.

ಗೆಸ್ಟು ಆಗತಾನೇ ಬಿಟ್ಟುಹೋದ ರೂಮು. ನೆಲದ ಮೇಲೆ ಒದ್ದೆ ಟವೆಲ್ಲು, ಹಾಸಿಗೆಯ ಮೇಲೆ ತಿಂಡಿಯ ಚೂರು. ಬೆಳಿಗ್ಗೆಯಿಂದ ಏಳು ರೂಮು ಮಾಡಿದ್ದ ಹುಡುಗಿ ಎಂಟನೆಯದಕ್ಕೆ ಕೈ ಹಾಕಿದಳು. ಬಾಗಿಲ ಆಚೆ ಉಳಿದ ತರಬೇತಿಯ ಮಕ್ಕಳು ಗುಂಪುಗೂಡಿದರು.

ಕಮೋಡು, ಬೇಸಿನ್ನು, ಕನ್ನಡಿ. ಹತ್ತು ನಿಮಿಷ. ಹಾಸಿಗೆಯ ಬಟ್ಟೆ ಎಳೆದಳು, ಹೊಸದು ಬೀಸಿದಳು. ಬೀಸಿದ ಬಟ್ಟೆ ಸರಿಯಾಗಿ ಮಧ್ಯಕ್ಕೆ ಬಂದು ಕೂತಿತು. ಮೂಲೆ ಎತ್ತಿದಳು, ಮಡಚಿದಳು, ತುರುಕಿದಳು. ಎಂಥ ಕೈ! ಮೂರಕ್ಕನಿಗೆ ನಾಚಿಕೆಯಾಯಿತು, ಯಾಕೆಂದರೆ ಅವಳ ಮನಸ್ಸು ಬೇಗ, ಬೇಗ ಎನ್ನುತ್ತಿತ್ತು. ಏಳು ಹೆಂಗಸರು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಅವರಿಗಾಗಿ ತಾನೇ ಬಾಯಿ ಬಿಟ್ಟವಳು. ಈಗ ತಾಯಿಯ ಹೊಟ್ಟೆ ಮಗಳು ಗೆಲ್ಲಲಿ ಎನ್ನುತ್ತಿತ್ತು. ಅವಳ ಬೆರಳುಗಳು ಬದಿಯಲ್ಲಿ ತಾವಾಗಿಯೇ ಮಡಚುತ್ತಿದ್ದವು.

ಹದಿನೆಂಟು ನಿಮಿಷ. ಉಳಿದದ್ದು ಎರಡು ದಿಂಬು ಮತ್ತು ನೆಲ. ಕೋಟಿನ ಮುಖ ಅರಳಿತು. ಹುಡುಗಿ ದಿಂಬು ಕೈಗೆತ್ತಿಕೊಂಡಳು. ದಿಂಬಿನ ಗವಸಿನೊಳಗೆ ಅರ್ಧ ತುರುಕಿದಳು. ತನ್ನ ಬಿರಿದ ಬೆರಳಿಗೆ ಸಿಕ್ಕಿಕೊಂಡ ನೂಲನ್ನು ನೋಡಿದಳು. ಬಾಗಿಲಲ್ಲಿ ನಿಂತ ತನ್ನ ಓರಗೆಯವರನ್ನು ನೋಡಿದಳು. ಅವರಲ್ಲೊಬ್ಬ ಹುಡುಗ ತನ್ನ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ.

ದಿಂಬನ್ನು ಹಾಗೇ ಬಿಟ್ಟು ಅವಳು ಹಾಸಿಗೆಯ ಮೇಲೆ ಕೂತಳು.

ಗೆಸ್ಟಿನ ಹಾಸಿಗೆ. ಅದರ ಮೇಲೆ ಕೂತವರಿಗೆ ಆ ದಿನವೇ ಲೆಕ್ಕ ಚುಕ್ತಾ. ಕೋಟು ಏನಾಯಿತು, ಇನ್ನೂ ಏಳು ನಿಮಿಷವಿದೆ, ಎದ್ದೇಳು ಎಂದ. ಅವಳು ಅವನ ಕಡೆ ನೋಡಲಿಲ್ಲ. ಅಧಿಕಾರಿಣಿಗೆ ಹೇಳಿದಳು.

‘ನನ್ನ ಕೈಲಾಗೋದು ಇಷ್ಟೇ ಮೇಡಂ. ದಿನಕ್ಕೆ ಎಂಟು. ಈ ರೂಮು ಬೇಗ ಮಾಡ್ಬಹುದು. ಮಾಡಿದ್ರೆ ನಾಳೆ ಇವರೆಲ್ಲ ಹೀಗೇ ಮಾಡ್ಬೇಕು. ಎಂಟು ಅಂತ ಬರ್ಕೊಳ್ಳಿ.’

 ಅಧಿಕಾರಿಣಿ ಗಡಿಯಾರ ಬಿಟ್ಟು ಹುಡುಗಿಯ ಕೈ ನೋಡಿದಳು. ನಿಂತಲ್ಲೇ ಫೈಲು ತೆರೆದು ಏನೋ ಬರೆದಳು.

ಕೋಟಿನ ಕತ್ತಿನ ನರ ಉಬ್ಬಿತು. ಸರ್ಟಿಫಿಕೇಟು ಮರೆತುಬಿಡು ಎಂದ. ಸಾಲ ಮಾತ್ರ ಮರೆಯಬೇಡ, ಒಂಬತ್ತು ಲಕ್ಷ ಎಲ್ಲಿಗೂ ಹೋಗುವುದಿಲ್ಲ ಎಂದ.

‘ಸಾಲ ನನ್ ಹೆಸರಲ್ಲಿದೆ,’ ಎಂದಳು ಮೂರಕ್ಕ. ‘ನಾನೂ ಎಲ್ಲಿಗೂ ಓಡಿ ಹೋಗಲ್ಲ. ಕೊಡೋಕಾದಷ್ಟು ಕೊಡ್ತೀನಿ, ಆಗದ್ದಕ್ಕೆ ಬಂದು ಕೇಳಿ. ಆದ್ರೆ ದುಡ್ಡು ಕೊಟ್ಟು ನಿಮ್ಮ ಹಾಸಿಗೆ ಹಾಸೋದು ಇವತ್ತಿಗೆ ಮುಗೀತು.’

‘ಮೊದಲು ಅವಳನ್ನ ಎಬ್ಬಿಸಿ ಅಲ್ಲಿಂದ,’ ಎಂದ ಕೋಟು.

ಮೂರಕ್ಕ ಹಾಸಿಗೆಯ ಕಡೆ ನಡೆದಳು. ಎಬ್ಬಿಸುತ್ತಾಳೆಂದು ಎಲ್ಲರೂ ದಾರಿ ಬಿಟ್ಟರು. ಮಗಳು ತಲೆಯೆತ್ತಿ ನೋಡಿದಳು. ಎಂಬತ್ತು ಸಾವಿರಕ್ಕೂ ಹೆಚ್ಚು ಹಾಸಿಗೆ ಹಾಸಿದ ಹೆಂಗಸು ಮಗಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಮೈಯ ಭಾರವನ್ನೆಲ್ಲ ಇಳಿಸಿ ಕೂತಳು.

‘ಇವಳು ಏಳಲ್ಲ,’ ಎಂದಳು. ‘ನಮ್ಮಿಬ್ಬರಿಗೂ ಕಾಲು ನೋಯ್ತಿದೆ.’